ಮೇವಿನ ತೂಕವೂ ಮೇವಿನ ಹೊತ್ತೂ

ತನ್ನ ಹುಂಜವು ಕೂಗಿದರೆ ಮಾತ್ರವೇ ಊರಿಗೆ ಬೆಳಗಾಗುವುದೆಂದು ನಂಬಿ, ಊರಿನವರ ಮೇಲೆ ಮುನಿದು, ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಕಾಡಿಗೆ ಹೊರಟುಹೋದ ಮುದುಕಿಯ ಕಥೆಯನ್ನು ಕೇಳದವರು ಕನ್ನಡ ನಾಡಿನಲ್ಲಿ ವಿರಳ. ಆ ಮುದುಕಿಯ ತಿಳಿವಳಿಕೆಗೆ ನಗುವವರಲ್ಲಿಯೂ ಬಹುಮಂದಿ ಇನ್ನೊಂದು ತಪ್ಪನ್ನು ನಂಬಿರುವರು. ಎಂದರೆ, ಮೂಡಲಲ್ಲಿ ಬೆಳಕು ಹರಿಯುವುದನ್ನು ಕಂಡ ಮೇಲೆಯೇ ಹುಂಜವು ಕೂಗುವುದೆಂಬುದು. ಜಪಾನ್ ದೇಶದ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು ಈ ವಿಷಯವನ್ನು ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟಪಡಿಸಿದರು. ಹಗಲು ರಾತ್ರಿಗಳ ಭೇದವಿಲ್ಲದೆ ಒಂದೇ ಸಮನಾದ ಮಂದ ಬೆಳಕಿನಲ್ಲಿ ಇರಿಸಿದ ಹುಂಜಗಳು ಸಹ ಸುಮಾರು ಒಂದು ದಿನದ ಅಂತರದಲ್ಲಿ ತಮ್ಮ ತಮ್ಮ ಹೊತ್ತಿಗೆ ಕೂಗಿದುವು. ದೀಪವನ್ನು ಗೊತ್ತಾದ ವೇಳೆಗೆ ಹತ್ತಿಸಿ ಆರಿಸುತ್ತಿದ್ದಾಗ, ದೀಪ ಹತ್ತುವುದಕ್ಕೆ ಸುಮಾರು ಎರಡು ಗಂಟೆ ಮುಂಚಿತವಾಗಿಯೇ ಅವು ಕೂಗಲಾರಂಭಿಸಿದುವು. ಬೆಳಗನ್ನು ತರುವ ಶಕ್ತಿಯು ಹುಂಜಕ್ಕಿಲ್ಲ. ಆದರೆ ಬೆಳಗು ಬರಲಿದೆಯೆಂಬುದನ್ನು, ಅದು ಕಣ್ಣಿಗೆ ಕಾಣುವುದಕ್ಕೆ ಮೊದಲೇ, ಎಣಿಸಿ ತಿಳಿಸತಕ್ಕ ಗಡಿಯಾರವೊಂದು ಅದರ ದೇಹದೊಳಗೇ ಉಂಟು.

ಇಂತಹ ಗಡಿಯಾರವು ಹುಂಜಕ್ಕೆ ಮಾತ್ರ ಸೇರಿದ ಸೊತ್ತಲ್ಲ. ಹಸು, ಎಮ್ಮೆ, ಎತ್ತು, ಕುರಿ, ರೇಷ್ಮೆಹುಳು, ಜೇನುನೊಣ ಇವುಗಳಲ್ಲಿಯೂ, ಇವೆಲ್ಲವನ್ನೂ ಸಾಕುವ ಮನುಷ್ಯನಲ್ಲಿಯೂ ಅದು ಇದೆ. ಯಾವಾಗ ಏಳಬೇಕು, ಯಾವಾಗ ಮೇಯಬೇಕು, ಯಾವಾಗ ಮೆಲುಕು ಹಾಕಬೇಕು, ಯಾವಾಗ ಮಲಗಬೇಕು ಎಂಬುದೆಲ್ಲವೂ ಬಹುಮಟ್ಟಿಗೆ ಅದರ ಆಜ್ಞೆಯಂತೆ ನಡೆಯುವುದು. ಆದರೆ ಭೂಮಾಲೀಕರು ತಮ್ಮ ದನಕರುಗಳ ವಿಷಯದಲ್ಲಿ ಇಡುವ ಲೆಕ್ಕದ ಪುಸ್ತಕದಲ್ಲಿ ಈ ಗಡಿಯಾರಕ್ಕೆ ಒಂದು ಕಲಮು ಸಹ ಇರುವುದಿಲ್ಲ. ಹಿಂಡಿ ಎಷ್ಟು ಮೂಟೆ ಬಂದಿತು, ಬೂಸದ ಧಾರಣೆ ಏನು, ಹುಲ್ಲಿನ ಬಣವೆ ಎಷ್ಟು ತಿಂಗಳಿಗೆ ಸಾಲುವುದು ಎಂಬುದನ್ನು ಕೇಳಿದರೆ ಥಟ್ಟನೆ ಉತ್ತರ ಬರುವುದು. ನಿನ್ನೆ ಯಾವ ಹೊತ್ತಿಗೆ ಮೇವು ಹಾಕಿದರು, ಮೊನ್ನೆ ಯಾವ ಹೊತ್ತಿಗೆ ಹಾಕಿದರು ಎಂದು ಕೇಳಿದರೆ ಆಳನ್ನು ಕೂಗಿ ಕೇಳಬೇಕಾಗುವುದು. ಮೇವಿನ ತೂಕದಷ್ಟೇ ಮೇವಿನ ಹೊತ್ತೂ ಮುಖ್ಯವೆಂಬುದೂ, ಆ ಹೊತ್ತನ್ನು ಕಾಪಾಡತಕ್ಕ ಹೊಣೆಯು ಆಳಿನದಲ್ಲ, ಯಜಮಾನನದೆಂಬುದೂ ಈ ಲೇಖನದ ಅಭಿಪ್ರಾಯವಾಗಿದೆ.

ನಾಲ್ಕು ಸೀಮೆಹಸುಗಳನ್ನು ಕಟ್ಟಿರುವ ಒಬ್ಬ ಭೂಮಾಲೀಕನನ್ನು ಉದಾಹರಣೆಗಾಗಿ ಭಾವಿಸಿಕೊಳ್ಳಬಹುದು. ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಹಾಲು ಅಳೆಯುವ ವೇಳೆಯು ಬೆಳಿಗ್ಗೆಯೂ ಸಂಜೆಯೂ ಗೊತ್ತಾಗಿರುವುದರಿಂದ, ಮಳೆ ಹೊಯ್ಯಲಿ, ಮನೆಯಲ್ಲಿ ಮದುವೆಯಿರಲಿ, ಹಾಲು ಕರೆಯುವ ಹೊತ್ತು ಅವನ ಕೊಟ್ಟಿಗೆಯಲ್ಲಿ ತಪ್ಪುವುದಿಲ್ಲ. ಮೇವಿನ ಹೊತ್ತಾದರೋ ದಿನಕ್ಕೊಂದು ಬಗೆ. ಆಳು ಬಂದ ದಿವಸ ಏಳು ಗಂಟೆಗೆ. ಬಾರದ ದಿವಸ ಹತ್ತು ಗಂಟೆಗೆ. ಸಂತೆಯ ದಿವಸ ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಹೊತ್ತಿನ ಪಾಲು ಒಟ್ಟಿಗೆ. ತಿಂಗಳ ಕೊನೆಯಲ್ಲಿ ಹಾಲು ಇಳಿದರೆ ಅವನು ಮೊದಲು ಹಿಂಡಿಯನ್ನು ದೂರುವನು, ಬಳಿಕ ಹಸುವಿನ ತಳಿಯನ್ನು ದೂರುವನು, ಕಟ್ಟಕಡೆಗೆ ಸಂಘದ ಅಳತೆಯನ್ನು ದೂರುವನು. ಹಾಲು ಕೊಡುವ ಹೊತ್ತು ಸಂಘದ್ದಾದುದರಿಂದ ತಪ್ಪಲಿಲ್ಲ. ತಿನ್ನುವ ಹೊತ್ತು ಹಸುವಿನದಾದುದರಿಂದ ತಪ್ಪಿತು. ಹಸುವಿಗೆ ಸಂಘವಿಲ್ಲ.

ಜೀವಿಗಳ ಒಳಗಿನ ಈ ಕಾಲಜ್ಞಾನದ ವಿಚಾರವು ಇಂದು ನಿನ್ನೆಯದಲ್ಲ. ಫ್ರಾನ್ಸ್ ದೇಶದ ಡಿ ಮೈರಾನ್ ಎಂಬ ವಿದ್ವಾಂಸನು ೧೭೨೯ರಲ್ಲಿ ಮುಟ್ಟಿದರೆ ಮುನಿ ಗಿಡವನ್ನು ಕತ್ತಲೆಯಲ್ಲಿಯೇ ಇಟ್ಟು, ಸೂರ್ಯನನ್ನು ಕಾಣದಿದ್ದರೂ ಅದರ ಎಲೆಗಳು ಹಗಲಿನಲ್ಲಿ ಬಿಚ್ಚಿ ರಾತ್ರಿಯಲ್ಲಿ ಮುಚ್ಚಿಕೊಳ್ಳುವುದನ್ನು ತೋರಿಸಿದನು. ಪ್ರಾಣಿಗಳಲ್ಲಿ ಈ ಗಡಿಯಾರವು ಎಲ್ಲಿದೆಯೆಂಬುದು ಮಾತ್ರ ಬಹುಕಾಲ ತಿಳಿಯದೆ ಇತ್ತು. ೧೯೭೨ರಲ್ಲಿ ಅಮೆರಿಕಾ ದೇಶದ ಎರಡು ತಂಡದವರು ಪ್ರತ್ಯೇಕ ಪ್ರತ್ಯೇಕವಾಗಿ ಅದನ್ನು ಇಲಿಯ ಮೆದುಳಿನಲ್ಲಿ ಕಂಡುಹಿಡಿದರು. ಎರಡು ಕಣ್ಣುಗಳಿಂದ ಬರುವ ನರಗಳು ಮೆದುಳಿನ ಅಡಿಯಲ್ಲಿ ಒಂದನ್ನೊಂದು ಹಾಯುವ ಸ್ಥಳಕ್ಕೆ ಸ್ವಲ್ಪ ಮೇಲೆ, ಎಡಬಲಗಳಲ್ಲಿ ಎರಡು ಸಣ್ಣ ಗಂಟುಗಳಿವೆ. ಇವುಗಳನ್ನು ನಾಶಪಡಿಸಿದ ಇಲಿಯು ಬದುಕಿಯೇ ಇದ್ದಿತು. ಓಡಾಡಿತು, ನೀರನ್ನೂ ಕುಡಿಯಿತು. ಆದರೆ ಈ ಕೆಲಸಗಳಿಗೆ ಹೊತ್ತು ಗೊತ್ತೆಂಬುದು ಇಲ್ಲದೆಹೋಯಿತು. ಮನುಷ್ಯನಲ್ಲಿ ಈ ಎರಡು ಗಂಟುಗಳೂ ಸೇರಿ ಸುಮಾರು ೨೦,೦೦೦ ನರಕೋಶಗಳಷ್ಟೇ ಇವೆ. ಅಕ್ಕಿಯ ಕಾಳಿಗಿಂತಲೂ ಚಿಕ್ಕದಾದ ಈ ಅಂಗವು ಕಣ್ಣಿನ ಮೂಲಕ ಬೆಳಕಿನ ಸಮಾಚಾರವನ್ನು ಪಡೆದು, ಪ್ರತಿದಿನವೂ ತನ್ನನ್ನು ಸೂರ್ಯನಿಗೆ ಸರಿಹೊಂದಿಸಿಕೊಂಡು, ದೇಹದ ಇತರ ಭಾಗಗಳಿಗೆ ಹೊತ್ತನ್ನು ಸಾರುತ್ತಿರುವುದು.

ರೇಷ್ಮೆಯ ಕಸುಬು ಬಲ್ಲವರಿಗೆ ಇನ್ನೊಂದು ಪರೀಕ್ಷೆಯು ಹೆಚ್ಚು ಹಿಡಿಸುವುದು. ೧೯೭೦ರಲ್ಲಿ ಟ್ರೂಮನ್ ಮತ್ತು ರಿಡಿಫೋರ್ಡ್ ಎಂಬ ಇಬ್ಬರು ಅಮೆರಿಕಾದ ವಿಜ್ಞಾನಿಗಳು ಎರಡು ಜಾತಿಯ ಕಾಡುರೇಷ್ಮೆಯ ಪತಂಗಗಳನ್ನು ತೆಗೆದುಕೊಂಡರು. ಅಮೆರಿಕಾದ ಜಾತಿಯ ಪತಂಗವು ಪೂರ್ವಾಹ್ನದಲ್ಲಿಯೂ, ಚೀಣಾ ದೇಶದ ಟಸರ್ ಜಾತಿಯದು ಹಗಲಿನ ಕೊನೆಯ ಭಾಗದಲ್ಲಿಯೂ ಗೂಡನ್ನು ಬಿಟ್ಟು ಹೊರಕ್ಕೆ ಬರುವುವು. ಮೆದುಳನ್ನು ತೆಗೆದುಹಾಕಿದಾಗ ಪತಂಗವು ಹೊತ್ತುಗೊತ್ತಿಲ್ಲದೆ ಹೊರಟಿತು. ಅದೇ ಮೆದುಳನ್ನು ತಲೆಯಲ್ಲಿಯಲ್ಲದೆ ಹೊಟ್ಟೆಯ ಭಾಗದಲ್ಲಿ ಹುದುಗಿಸಿದಾಗ ಸಹ ಹೊತ್ತು ಮರಳಿ ಬಂದಿತು. ಒಂದು ಜಾತಿಯ ಮೆದುಳನ್ನು ಇನ್ನೊಂದಕ್ಕೆ ಇಟ್ಟಾಗ, ಯಾವ ಜಾತಿಯ ಮೆದುಳೋ ಆ ಜಾತಿಯ ಹೊತ್ತಿಗೇ ಪತಂಗವು ಹೊರಗೆ ಬಂದಿತು. ಹೊತ್ತು ಇರುವುದು ರೆಕ್ಕೆಯಲ್ಲಿಯೂ ಅಲ್ಲ, ಗೂಡಿನಲ್ಲಿಯೂ ಅಲ್ಲ, ಮೆದುಳಿನಲ್ಲಿಯೇ ಎಂಬುದು ಇದರಿಂದ ನಿಸ್ಸಂದೇಹವಾಯಿತು.

ಕನ್ನಡ ನಾಡಿನ ರೇಷ್ಮೆ ಬೆಳೆಗಾರನು ಈ ಗಡಿಯಾರದ ಹೆಸರನ್ನು ಕೇಳಿರದಿದ್ದರೂ ಅದರಿಂದ ಕೆಲಸ ತೆಗೆದುಕೊಳ್ಳುವುದನ್ನು ಬಲ್ಲನು. ರೇಷ್ಮೆಯ ಮೊಟ್ಟೆಯೊಳಗೆ ಮರಿಯ ತಲೆಯು ಕಪ್ಪು ಚುಕ್ಕೆಯಂತೆ ಕಂಡೊಡನೆ ಮೊಟ್ಟೆಯ ಹಾಳೆಗಳನ್ನು ಕಪ್ಪು ಕಾಗದದಲ್ಲಿ ಅಥವಾ ಬಟ್ಟೆಯಲ್ಲಿ ಸುತ್ತಿ, ಎರಡು ದಿನಗಳ ಮಟ್ಟಿಗೆ ಕತ್ತಲೆಯಲ್ಲಿಟ್ಟು, ಬೆಳಗಿನ ಜಾವದಲ್ಲಿ ಬೆಳಕಿಗೆ ತೆರೆಯುವನು. ಮುಂದಾದ ಮರಿಗಳು ಕತ್ತಲೆಯಲ್ಲಿ ಕಾದು, ಹಿಂದಾದುವು ಬಂದು ಸೇರಿಕೊಂಡು, ಎಲ್ಲವೂ ಒಂದೇ ಬೆಳಿಗ್ಗೆ ಒಡೆದು ಚಾಕಿ ಸಾಕಣೆಯು ಸಮನಾಗುವುದು. ಹುಳುವಿನ ಹೊತ್ತಿಗೆ ಇಷ್ಟು ಮರ್ಯಾದೆ ಕೊಡುವ ಮನೆಯಲ್ಲಿಯೇ ಹಸುವಿನ ಹೊತ್ತಿಗೆ ಮರ್ಯಾದೆಯಿಲ್ಲದಿರುವುದು ವಿಚಿತ್ರ. ನೊಣದಂತಹ ಅಲ್ಪ ಜೀವಿಯಲ್ಲಿ ಈ ಗಡಿಯಾರದ ಒಳಯಂತ್ರವನ್ನು ಕಂಡುಹಿಡಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಎಂಬ ಮೂವರಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಹಣ್ಣಿನ ನೊಣಗಳ ಮೇಲೆ ಇದೇ ವಿಷಯದ ಸಂಶೋಧನೆಗಳು ನಡೆದಿವೆ.

ಇದುವರೆಗೆ ಹೇಳಿದುದು ಬೆಳಕನ್ನು ಅನುಸರಿಸುವ ಗಡಿಯಾರದ ಮಾತು. ರೈತನಿಗೆ ಇದಕ್ಕಿಂತಲೂ ಮುಖ್ಯವಾದುದು ಆಹಾರವನ್ನು ಅನುಸರಿಸುವ ಇನ್ನೊಂದು ಗಡಿಯಾರ. ಮೆದುಳಿನ ಆ ಎರಡು ಗಂಟುಗಳನ್ನು ತೆಗೆದ ಇಲಿಗಳಿಗೆ ದಿನಕ್ಕೊಮ್ಮೆ, ಒಂದೇ ಹೊತ್ತಿಗೆ ಮಾತ್ರ ಆಹಾರ ಕೊಟ್ಟರೆ, ಅವು ಕೆಲವು ದಿನಗಳಲ್ಲಿಯೇ ಆ ಹೊತ್ತನ್ನು ಕಲಿತು, ಆಹಾರ ಬರುವುದಕ್ಕೆ ಮುಂಚಿತವಾಗಿ ಎದ್ದು ಓಡಾಡಲಾರಂಭಿಸುವುವೆಂಬುದು ೧೯೭೯ರಲ್ಲಿ ಪ್ರಕಟವಾಯಿತು. ಸಹಜವಾದ ಇಲಿಗಳಲ್ಲಿಯೂ ಇದೇ ಪ್ರಕಾರ ನಡೆಯುವುದು. ಊಟದ ಹೊತ್ತು ಸಮೀಪಿಸಿದಂತೆ ಮೈಯ ಶಾಖವು ಏರುವುದು, ಕರುಳಿನಲ್ಲಿ ಜೀರ್ಣರಸಗಳು ಸಿದ್ಧವಾಗುವುವು. ಇಪ್ಪತ್ತನಾಲ್ಕು ಗಂಟೆಗಳಿಗೆ ಸಮೀಪವಾದ ಅಂತರದಲ್ಲಿ ಆಹಾರವು ಬಂದರೆ ಮಾತ್ರ ಈ ಮುನ್ನರಿವು ಉಂಟಾಗುವುದು. ಅಂತರವು ಬಹಳ ಹೆಚ್ಚುಕಡಮೆಯಾದರೆ ಉಂಟಾಗುವುದಿಲ್ಲ. ಹಿಂಡಿಯ ಬಕೆಟ್ಟಿನ ಸಪ್ಪಳವಾಗುವುದಕ್ಕೆ ಮೊದಲೇ ಹಸುವು ಎದ್ದುನಿಂತು ಬಾಗಿಲ ಕಡೆಗೆ ಕಿವಿ ತಿರುಗಿಸುವುದನ್ನು ನೋಡದ ರೈತನಿಲ್ಲ. ಅದು ಹೊಟ್ಟೆಬಾಕತನವಲ್ಲ. ತಿನ್ನುವುದಕ್ಕಾಗಿ ಇಡೀ ದೇಹವು ಸಿದ್ಧವಾಗಿ ನಿಂತಿರುವ ಗುರುತು ಅದು. ಆ ಹೊತ್ತಿಗೆ ಗೋದಲಿಯು ಬರಿದಾಗಿದ್ದರೆ ಆ ಸಿದ್ಧತೆಯೆಲ್ಲವೂ ವ್ಯರ್ಥವಾಗುವುದು.

ಹೀಗೆ ಬೆಳಕಿನ ಆಜ್ಞೆಯೊಂದು, ಆಹಾರದ ಆಜ್ಞೆಯೊಂದು. ಇವೆರಡೂ ಒಂದಕ್ಕೊಂದು ವಿರೋಧವಾದರೆ ಏನಾಗುವುದೆಂಬುದನ್ನು ಜಿನೀವಾ ನಗರದ ಸಂಶೋಧಕರು ೨೦೦೦ದಲ್ಲಿ ತೋರಿಸಿದರು. ಸುಂಡಿಲಿಯು ರಾತ್ರಿಯಲ್ಲಿ ತಿರುಗಾಡಿ ತಿನ್ನುವ ಪ್ರಾಣಿ. ಅದಕ್ಕೆ ಹಗಲಿನಲ್ಲಿ ಮಾತ್ರ ಆಹಾರವನ್ನು ಕೊಡುತ್ತ ಬಂದಾಗ, ಪಿತ್ತಜನಕಾಂಗದ ಗಡಿಯಾರವು ಕ್ರಮೇಣ ಮೇವಿನ ಕಡೆಗೆ ತಿರುಗಿ ಪೂರಾ ಅದಲುಬದಲಾಯಿತು. ಮೆದುಳಿನ ಗಡಿಯಾರವು ಮಾತ್ರ ಸೂರ್ಯನನ್ನೇ ಹಿಡಿದುಕೊಂಡು ಕದಲದೆ ನಿಂತಿತು. ಒಂದೇ ದೇಹದಲ್ಲಿ ಎರಡು ಗಡಿಯಾರಗಳು ಎರಡು ಹೊತ್ತನ್ನು ತೋರಿಸಿದುವು. ಹಿಂದಿನ ಕಾಲದಲ್ಲಿ ಪಟೇಲನು ಒಂದು ಲೆಕ್ಕ ಹೇಳಿ, ಶಾನುಭೋಗನು ಇನ್ನೊಂದು ಲೆಕ್ಕ ಬರೆದ ಗ್ರಾಮದಲ್ಲಿ ಕಂದಾಯವು ಹೇಗೆ ವಸೂಲಾಗುತ್ತಿತ್ತೆಂಬುದನ್ನು ಹಿರಿಯರಿಂದ ಕೇಳಿದವರಿಗೆ ಅಂತಹ ದೇಹದ ಪಾಡನ್ನು ವಿವರಿಸಬೇಕಾದುದಿಲ್ಲ.

ಆಹಾರವು ಸಮನಾಗಿದ್ದರೆ ಹೊತ್ತು ಯಾವುದಾದರೇನು ಎಂದು ಕೇಳುವವರಿಗೆ ಎರಡು ಪರೀಕ್ಷೆಗಳು ಉತ್ತರ ಕೊಡುವುವು. ಅಮೆರಿಕಾದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಸುಂಡಿಲಿಗಳ ಎರಡು ಗುಂಪುಗಳಿಗೆ ಒಂದೇ ಜಿಡ್ಡಿನ ಆಹಾರವನ್ನು, ಒಂದು ಗುಂಪಿಗೆ ತಿರುಗಾಡುವ ಹೊತ್ತಿನಲ್ಲಿಯೂ ಇನ್ನೊಂದಕ್ಕೆ ಮಲಗುವ ಹೊತ್ತಿನಲ್ಲಿಯೂ ಕೊಟ್ಟರು. ತಿಂದ ಆಹಾರದಲ್ಲಿ ಹೇಳಿಕೊಳ್ಳತಕ್ಕ ವ್ಯತ್ಯಾಸವಿರಲಿಲ್ಲ. ಆದರೂ ಮಲಗುವ ಹೊತ್ತಿನಲ್ಲಿ ತಿಂದುವು ಹೆಚ್ಚು ಕೊಬ್ಬಿದುವೆಂದು ೨೦೦೯ರಲ್ಲಿ ಪ್ರಕಟವಾಯಿತು. ಒಡಿಶಾದಲ್ಲಿ ಹುಟ್ಟಿ ಅಮೆರಿಕಾದ ಸಾಕ್ ಸಂಸ್ಥೆಯಲ್ಲಿ ಸಂಶೋಧನೆ ನಡೆಸುತ್ತಿರುವ ಸಚ್ಚಿದಾನಂದ ಪಾಂಡಾ ಅವರ ತಂಡವು ೨೦೧೨ರಲ್ಲಿ, ಅಂತಹದೇ ಆಹಾರವನ್ನು ರಾತ್ರಿಯ ಎಂಟು ಗಂಟೆಗಳ ಅವಧಿಯಲ್ಲಿ ಮಾತ್ರ ತಿಂದ ಸುಂಡಿಲಿಗಳು, ಅಷ್ಟೇ ಆಹಾರವನ್ನು ಹೊತ್ತಿನ ಕಟ್ಟಿಲ್ಲದೆ ತಿಂದುವುಗಳಿಗಿಂತ ಆರೋಗ್ಯವಾಗಿದ್ದುದನ್ನು ತೋರಿಸಿತು. ಇಲಿಯ ಲೆಕ್ಕವನ್ನು ಇದ್ದಂತೆಯೇ ಹಸುವಿಗೆ ಹಚ್ಚಲಾಗದೆಂಬುದು ನಿಜ. ಇಲಿಯು ಮೆಲುಕು ಹಾಕುವುದಿಲ್ಲ, ಹಾಲನ್ನೂ ಮಾರುವುದಿಲ್ಲ. ಆದರೆ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಹಸುಗಳಲ್ಲಿಯೇ ಪರೀಕ್ಷಿಸಿ ೨೦೨೦ರಲ್ಲಿ ಪ್ರಕಟಪಡಿಸಿದ ಪ್ರಕಾರ, ಮೇವು ದೊರೆಯುವ ಹೊತ್ತನ್ನು ಹಗಲಿನಿಂದ ರಾತ್ರಿಗೆ ಬದಲಾಯಿಸಿದರೆ, ಕೆಚ್ಚಲಿನಲ್ಲಿ ಹಾಲೂ ಹಾಲಿನ ಜಿಡ್ಡೂ ಉತ್ಪತ್ತಿಯಾಗುವ ದಿನಚರಿಯೂ ಬದಲಾಗುವುದು. ಎಂದರೆ, ಕೆಚ್ಚಲು ಸಹ ಗೋದಲಿಯ ಹೊತ್ತನ್ನು ಕೇಳುವುದು.

ಹಾಗಾದರೆ ಹಸುವಿನ ಸ್ವಂತ ಹೊತ್ತು ಯಾವುದು? ಹುಲ್ಲುಗಾವಲಿನಲ್ಲಿ ಸ್ವೇಚ್ಛೆಯಾಗಿ ಬಿಟ್ಟ ದನಗಳು ಸೂರ್ಯೋದಯದ ಸುಮಾರಿಗೂ ಸೂರ್ಯಾಸ್ತದ ಸುಮಾರಿಗೂ ಎಲ್ಲಕ್ಕಿಂತ ಹೆಚ್ಚಾಗಿ ಮೇಯುವುವು. ಮಧ್ಯಾಹ್ನದ ಬಿಸಿಲಿನಲ್ಲಿ ನೆರಳು ಹಿಡಿಯುವುವು. ಮೆಲುಕು ಹಾಕುವ ಕೆಲಸವನ್ನು ಹೆಚ್ಚಾಗಿ ರಾತ್ರಿಯಲ್ಲಿ ಇಟ್ಟುಕೊಳ್ಳುವುವು. ಆದಕಾರಣ ದಿನದ ಮೇವಿನಲ್ಲಿ ದೊಡ್ಡ ಪಾಲನ್ನು ಬೆಳಗಿನ ತಂಪಿನಲ್ಲಿಯೂ ಸಂಜೆಯ ತಂಪಿನಲ್ಲಿಯೂ ಕೊಡುವುದು ಹಸುವಿನ ಗಡಿಯಾರಕ್ಕೆ ಒಪ್ಪುವ ಮಾರ್ಗ. ಬೇಸಗೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುವುದು. ಮೊದಲನೆಯ ಹೊಟ್ಟೆಯಲ್ಲಿ ಮೇವು ಹುದುಗೆದ್ದಂತೆ ಮೈಯಲ್ಲಿ ಶಾಖವು ಹುಟ್ಟುವುದು. ಆ ಶಾಖವೂ ಹೊರಗಿನ ಬಿಸಿಲೂ ಒಂದೇ ಹೊತ್ತಿಗೆ ಕೂಡಿದರೆ ಸೀಮೆಹಸುವು ಏದುತ್ತ ನಿಲ್ಲುವುದೇ ಹೊರತು ತಿನ್ನುವುದಿಲ್ಲ. ಇನ್ನು, ಒಂದು ಹೊತ್ತು ಹಸಿಸಿಟ್ಟು ಮತ್ತೊಂದು ಹೊತ್ತಿಗೆ ಎರಡು ಪಾಲು ಹಿಂಡಿಯನ್ನು ಒಟ್ಟಿಗೆ ಸುರಿಯುವ ಪದ್ಧತಿಯು ನೇರವಾಗಿಯೇ ಅಪಾಯಕರವಾದುದು. ಹಸಿದ ಹಸುವು ಅದನ್ನು ಗಬಗಬನೆ ತಿಂದು, ಹೊಟ್ಟೆಯಲ್ಲಿ ಹುಳಿಯು ಏರಿ, ಮೇವು ಬಿಡುವುದು. ಕೆಲವು ಸಮಯಗಳಲ್ಲಿ ಪ್ರಾಣಕ್ಕೇ ಎರವಾಗುವುದು. ಬೆಳಗಿನ ಜಾವದಲ್ಲಿ ಕೊಟ್ಟಿಗೆಗೆ ಹೋಗುವವನಿಗೆ ಮತ್ತೊಂದು ಲಾಭವೂ ಉಂಟು. ಎಮ್ಮೆಯು ಬೆದೆಗೆ ಬಂದ ಗುರುತು ಬಹುಮಟ್ಟಿಗೆ ರಾತ್ರಿಯಲ್ಲಿಯೂ ನಸುಕಿನಲ್ಲಿಯೂ ಕಾಣುವುದರಿಂದ, ಹತ್ತು ಗಂಟೆಗೆ ಬರುವವನಿಗೆ ಅದು ತಪ್ಪಿಹೋಗುವುದು.

ಮೇವಿನ ಹೊತ್ತಿಗೆ ಎಷ್ಟು ಶಕ್ತಿಯಿದೆಯೆಂಬುದು ಗಬ್ಬದ ಹಸುಗಳಲ್ಲಿ ಸ್ಪಷ್ಟವಾಗಿ ಕಾಣುವುದು. ಕೆನಡಾ ದೇಶದ ಮ್ಯಾನಿಟೋಬಾ ಪ್ರಾಂತದ ಗಸ್ ಕೊನೆಫಾಲ್ ಎಂಬ ದನಗಾರನು ಗಬ್ಬದ ಹಸುಗಳಿಗೆ ರಾತ್ರಿ ಹೊತ್ತಾಗಿ ಮೇವು ಹಾಕುವುದರಿಂದ ಹೆಚ್ಚು ಕರುಗಳು ಹಗಲಿನಲ್ಲಿ ಹುಟ್ಟುವುವೆಂದು ಕಂಡುಕೊಂಡನು. ಆ ಬಳಿಕ ಅಮೆರಿಕಾದ ಅಯೋವಾ ರಾಜ್ಯದ ೧೫ ಮಂದಿ ದನಗಾರರ ೧,೩೩೧ ಹಸುಗಳಿಗೆ ದಿನಕ್ಕೊಮ್ಮೆ ಮುಸ್ಸಂಜೆಯಲ್ಲಿ ಮೇವು ಕೊಟ್ಟು ನೋಡಿದಾಗ, ನೂರಕ್ಕೆ ೮೫ ಕರುಗಳು ಬೆಳಿಗ್ಗೆ ಆರು ಗಂಟೆಗೂ ಸಂಜೆ ಆರು ಗಂಟೆಗೂ ನಡುವೆ ಹುಟ್ಟಿದುವು. ಕರು ಹಾಕುವಾಗ ಪಕ್ಕದಲ್ಲಿ ಮನುಷ್ಯನಿದ್ದರೆ ಉಳಿಯುತ್ತಿದ್ದ ಎಷ್ಟೋ ಕರುಗಳು ರಾತ್ರಿಯ ಕತ್ತಲೆಯಲ್ಲಿ ಸಾಯುವುದನ್ನು ರೈತರೆಲ್ಲರೂ ಬಲ್ಲರು. ದಿನ ತುಂಬುವುದಕ್ಕೆ ಎರಡು ಮೂರು ವಾರ ಮುಂಚಿನಿಂದ ಗಬ್ಬದ ಹಸುವಿನ ಮೇವಿನ ಮುಖ್ಯ ಭಾಗವನ್ನು ಸಂಜೆಗೆ ತಳ್ಳುವುದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ನೂರರಲ್ಲಿ ಹದಿನೈದು ರಾತ್ರಿಯಲ್ಲಿಯೇ ಹುಟ್ಟುವುದರಿಂದ ರಾತ್ರಿಯ ಕಾವಲನ್ನು ಮಾತ್ರ ಬಿಡತಕ್ಕದ್ದಲ್ಲ.

ಕೋಳಿಯ ವಿಷಯದಲ್ಲಿ ಮೇವಿನ ಹೊತ್ತು ಮೊಟ್ಟೆಯ ಚಿಪ್ಪಿನವರೆಗೂ ಹೋಗುವುದು. ಒಂದು ಮೊಟ್ಟೆಯು ಕೋಳಿಯ ದೇಹದಲ್ಲಿ ಸಿದ್ಧವಾಗುವುದಕ್ಕೆ ಸುಮಾರು ೨೫ ಗಂಟೆಗಳು ಬೇಕು. ಅದರಲ್ಲಿ ಸುಮಾರು ೨೦ ಗಂಟೆಗಳು ಚಿಪ್ಪು ಕಟ್ಟುವುದಕ್ಕೇ ಹೋಗುವುವು. ಚಿಪ್ಪಿನ ಬಹುಭಾಗವು ಕಟ್ಟುವುದು ರಾತ್ರಿಯಲ್ಲಿ, ಕೋಳಿಯು ತಿನ್ನದೆ ಕುಳಿತಿರುವಾಗ. ಆದಕಾರಣ ಸುಣ್ಣಕಲ್ಲಿನ ಅಥವಾ ಕಪ್ಪೆಚಿಪ್ಪಿನ ದಪ್ಪ ಚೂರುಗಳನ್ನು ಮಧ್ಯಾಹ್ನದ ಮೇಲೆ ಕೊಟ್ಟರೆ, ಅವು ಹೊಟ್ಟೆಯಲ್ಲಿ ನಿಧಾನವಾಗಿ ಕರಗಿ, ಬೇಕಾದ ಹೊತ್ತಿಗೆ ಸುಣ್ಣವನ್ನು ಒದಗಿಸುವುವು. ಬೆಳಿಗ್ಗೆ ಕೊಟ್ಟ ಸುಣ್ಣದಲ್ಲಿ ಬಹಳ ಭಾಗವು ಚಿಪ್ಪಿನ ಕೆಲಸ ಆರಂಭವಾಗುವ ಮೊದಲೇ ವ್ಯರ್ಥವಾಗುವುದು. ಅದೇ ಸುಣ್ಣ, ಅದೇ ತೂಕ. ಬೇರೆಯಾದುದು ಹೊತ್ತು ಮಾತ್ರ.

ಬೆಳಕಿನ ವಿಷಯದಲ್ಲಿಯೂ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಕಳ್ಳರ ಭಯದಿಂದಲೋ ಚಿರತೆಯ ಭಯದಿಂದಲೋ ಕೊಟ್ಟಿಗೆಯೊಳಗೆ ರಾತ್ರಿಯೆಲ್ಲ ಪ್ರಖರವಾದ ದೀಪವನ್ನು ಉರಿಸುವ ವಾಡಿಕೆಯು ಹೆಚ್ಚುತ್ತಿದೆ. ಚಳಿಗಾಲದ ಹಗಲು ಬಹಳ ಚಿಕ್ಕದಾಗುವ ಶೀತದೇಶಗಳಲ್ಲಿ ಹಸುಗಳಿಗೆ ದೀಪದಿಂದ ಹಗಲನ್ನು ೧೬ ಗಂಟೆಗಳಿಗೆ ಬೆಳೆಸಿದರೆ ಹಾಲು ಹೆಚ್ಚುವುದೆಂದು ೧೯೭೮ರಲ್ಲಿಯೇ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ತೋರಿಸಿರುವುದು ನಿಜ. ಆದರೆ ಆ ಪದ್ಧತಿಯಲ್ಲಿ ಉಳಿದ ೮ ಗಂಟೆಗಳ ಕತ್ತಲೆಯೂ ಅಷ್ಟೇ ಮುಖ್ಯವಾದ ಭಾಗ. ಇಡೀ ರಾತ್ರಿ ಬೆಳಕಿದ್ದರೆ ಹಗಲು ಯಾವುದು ರಾತ್ರಿ ಯಾವುದು ಎಂಬುದು ಮೆದುಳಿನ ಗಡಿಯಾರಕ್ಕೆ ತಿಳಿಯದು. ಬೆಂಗಳೂರಿನ ಸುತ್ತಮುತ್ತ ವರ್ಷದ ಅತಿ ದೊಡ್ಡ ಹಗಲು ೧೩ ಗಂಟೆಗಳಿಗೆ ಸ್ವಲ್ಪ ಕಡಮೆ, ಅತಿ ಚಿಕ್ಕ ಹಗಲು ೧೧ ಗಂಟೆಗಳಿಗೆ ಸ್ವಲ್ಪ ಹೆಚ್ಚು. ಇಂತಹ ಸೀಮೆಯಲ್ಲ�� ಸೂರ್ಯನೇ ಕಾಲವನ್ನು ಸರಿಯಾಗಿ ನಡೆಸುತ್ತಿರುವಾಗ ಅವನೊಡನೆ ದೀಪದಿಂದ ಸ್ಪರ್ಧಿಸುವ ಅವಶ್ಯಕತೆಯಿಲ್ಲ. ಕಾವಲಿನ ದೀಪವನ್ನು ಕೊಟ್ಟಿಗೆಯ ಹೊರಕ್ಕೆ, ದಾರಿಯ ಕಡೆಗೆ ತಿರುಗಿಸಿ ಇಟ್ಟರೆ ಸಾಕು.

ಈ ಮಾತುಗಳಿಗೆ ಭೂಮಾಲೀಕರು ಹೇಳತಕ್ಕ ಆಕ್ಷೇಪಣೆಗಳು ಎರಡು. ಹಿಂದಿನವರು ಗಡಿಯಾರವನ್ನೇ ಕಾಣದೆ ದನ ಸಾಕಲಿಲ್ಲವೇ ಎಂಬುದು ಮೊದಲನೆಯದು. ಹಿಂದಿನವರ ಕೈಯಲ್ಲಿ ಗಡಿಯಾರವಿರಲಿಲ್ಲ; ಆದರೆ ಕೋಳಿ ಕೂಗುವ ಹೊತ್ತಿಗೆ ಎದ್ದು ಎತ್ತುಗಳಿಗೆ ಮೇವು ಹಾಕಿ, ತಂಪಿನಲ್ಲಿ ಉತ್ತು, ಬಿಸಿಲೇರುವ ಮುನ್ನ ನೊಗ ಬಿಚ್ಚಿ, ಗೋಧೂಳಿಯಲ್ಲಿ ದನಗಳನ್ನು ಹಟ್ಟಿಗೆ ತರುತ್ತಿದ್ದ ಅವರ ದಿನಚರಿಯೇ ಒಂದು ಗಡಿಯಾರವಾಗಿತ್ತು. ಗೋವುಗಳು ಮರಳುವ ಧೂಳಿನಿಂದಲೇ ಸಂಜೆಗೆ ಹೆಸರು ಇಟ್ಟ ಜನರಿಗೆ ಹೊತ್ತಿನ ಪಾಠವನ್ನು ಯಾರೂ ಹೇಳಬೇಕಾಗಿರಲಿಲ್ಲ. ಕೈಗೆ ಗಡಿಯಾರ ಬಂದ ಮೇಲೆ ದಿನಚರಿಯು ಕೆಟ್ಟಿತು.

ಎರಡನೆಯ ಆಕ್ಷೇಪಣೆಯು ಆಳು ಹೊತ್ತಿಗೆ ಸರಿಯಾಗಿ ಬರುವುದಿಲ್ಲವೆಂಬುದು. ಇದರಲ್ಲಿ ಸತ್ಯಾಂಶವುಂಟು, ಆದರೆ ಏತಕ್ಕೆ ಬರುವುದಿಲ್ಲವೆಂಬುದನ್ನೂ ವಿಚಾರಿಸಬೇಕು. ಕೊಳವೆಬಾವಿಯ ಪಂಪುಗಳಿಗೆ ಮೂರು ಫೇಸಿನ ವಿದ್ಯುತ್ತು ಸರದಿಯ ಮೇಲೆ ಬರುವಲ್ಲಿ, ರಾತ್ರಿಯ ಸರದಿ ಬಂದಾಗ ಹೊಲಕ್ಕೆ ಹೋಗಿ ನೀರು ಕಟ್ಟುವವನು ಸಾಮಾನ್ಯವಾಗಿ ಅದೇ ಆಳು, ಇಲ್ಲವೆ ಮನೆಯ ಮಗ. ಹಾವಿನ ಭಯದ ನಡುವೆ ಮೂರು ಗಂಟೆಯವರೆಗೆ ಮಡಿಯಿಂದ ಮಡಿಗೆ ನೀರು ತಿರುಗಿಸಿ, ನಡುರಾತ್ರಿಯಲ್ಲಿ ತಂಗಳು ಮುದ್ದೆಯನ್ನುಂಡು ಮಲಗಿದವನು ಐದು ಗಂಟೆಗೆ ಕೊಟ್ಟಿಗೆಯಲ್ಲಿ ಇರಬೇಕೆಂದರೆ ಹೇಗಾದೀತು? ಅವನ ತಲೆಯೊಳಗೂ ಅದೇ ಗಡಿಯಾರವಿದೆ. ಬೆಳಿಗ್ಗೆ ಉಂಡ ಅನ್ನಕ್ಕಿಂತ ಅದೇ ಅನ್ನವನ್ನು ರಾತ್ರಿಯಲ್ಲಿ ಉಂಡರೆ ಮನುಷ್ಯನ ರಕ್ತದಲ್ಲಿ ಸಕ್ಕರೆಯು ಹೆಚ್ಚಾಗಿ ಏರುವುದೆಂಬುದೂ ಪರೀಕ್ಷೆಗಳಿಂದ ತಿಳಿದಿದೆ. ಮನುಷ್ಯನ ಹೊತ್ತು ಕೆಟ್ಟ ಮನೆಯಲ್ಲಿ ಹಸುವಿನ ಹೊತ್ತು ನೆಟ್ಟಗಿರುವುದು ಅಸಾಧ್ಯ. ರಾತ್ರಿ ನೀರು ಕಟ್ಟಿದವನಿಗೆ ಮರುದಿನದ ಬೆಳಗಿನ ಮೇವಿನ ಕೆಲಸವನ್ನು ಹೇಳದೆ, ಅದನ್ನು ಯಜಮಾನನೇ ಮಾಡುವುದು ನ್ಯಾಯವೂ ಹೌದು, ಲಾಭವೂ ಹೌದು. ಹಾಗೆ ಮಾಡುವಾಗ ಹೆಂಗಸರ ತಲೆಯ ಮೇಲೆ ಆ ಹೊರೆಯನ್ನು ಹೊರಿಸಿ ಕೈತೊಳೆದುಕೊಳ್ಳುವುದು ತರವಲ್ಲ. ಬಹಳ ಮನೆಗಳಲ್ಲಿ ಕೊನೆಗೆ ಮಲಗಿ ಮೊದಲು ಏಳುವವರು ಅವರೇ.

ಗ್ರಾಮದ ಮುಖಂಡರ ಕರ್ತವ್ಯವು ಇಲ್ಲಿಂದ ಆರಂಭವಾಗುವುದು. ಒಬ್ಬೊಬ್ಬ ರೈತನು ತನ್ನ ಕೊಟ್ಟಿಗೆಯ ಹೊತ್ತನ್ನು ಸರಿಪಡಿಸಿಕೊಳ್ಳಬಹುದು; ವಿದ್ಯುತ್ತಿನ ಹೊತ್ತನ್ನು ಸರಿಪಡಿಸಿಕೊಳ್ಳಲಾರನು. ಅದಕ್ಕೆ ಊರೇ ಒಂದಾಗಿ ಕೇಳಬೇಕು. ನೀರಾವರಿ ಪಂಪುಗಳನ್ನೂ ಅವುಗಳಿಗೆ ವಿದ್ಯುತ್ತು ಒದಗಿಸುವ ಫೀಡರುಗಳನ್ನೂ ಸೂರ್ಯಶಕ್ತಿಯಿಂದ ನಡೆಸುವುದಕ್ಕಾಗಿ ಕೇಂದ್ರ ಸರ್ಕಾರವು ೨೦೧೯ರಲ್ಲಿ ಪಿ.ಎಂ.-ಕುಸುಮ್ ಯೋಜನೆಯನ್ನು ಆರಂಭಿಸಿತು. ಸೂರ್ಯಶಕ್ತಿಯು ಹಗಲಿನಲ್ಲಿಯೇ ದೊರೆಯುವುದರಿಂದ ಅಂತಹ ಫೀಡರಿನ ರೈತನು ಹಗಲಿನಲ್ಲಿಯೇ ನೀರು ಕಟ್ಟುವನು. ಈ ವಿಷಯದಲ್ಲಿ ಗ್ರಾಮಸಭೆಯು ನಿರ್ಣಯ ಮಾಡಿ, ಜಾಗ ಒದಗಿಸಿ, ಅರ್ಜಿ ಸಲ್ಲಿಸುವ ಕೆಲಸವನ್ನು ಮುಖಂಡರು ಮುಂದೆ ನಿಂತು ನಡೆಸಿದರೆ ಅದು ರಸ್ತೆಗೂ ಭವನಕ್ಕೂ ಕಡಮೆಯಿಲ್ಲದ ಊರ ಕೆಲಸವಾಗುವುದು. ಹಾಲಿನ ಸಂಘದ ಗೋಡೆಯ ಮೇಲೆ ಹಾಲು ಅಳೆಯುವ ವೇಳೆಯ ಪಕ್ಕದಲ್ಲಿಯೇ ಮೇವಿನ ವೇಳೆಯನ್ನೂ ಬರೆಯಿಸುವುದು ಸುಲಭವಾದ ಇನ್ನೊಂದು ಕೆಲಸ.

ಭೂಮಾಲೀಕನು ತನ್ನ ಮನೆಯಲ್ಲಿ ಮಾಡಬೇಕಾದುದು ಇನ್ನೂ ಸ್ವಲ್ಪವೇ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಎಂದು ಮೇವಿಗೆ ಎರಡು ಮುಖ್ಯ ವೇಳೆಗಳನ್ನು ಗೊತ್ತುಮಾಡಿ, ಹಬ್ಬವಿರಲಿ ಸಂತೆಯಿರಲಿ ಅರ್ಧ ಗಂಟೆಗಿಂತ ಹೆಚ್ಚು ಆಚೀಚೆಯಾಗದಂತೆ ನಡೆಸುವುದು. ವೇಳೆಯನ್ನು ಬದಲಾಯಿಸಲೇಬೇಕಾದರೆ ಒಂದೇ ದಿನಕ್ಕೆ ಬದಲಾಯಿಸದೆ ವಾರವೊಂದರ ಮೇಲೆ ಹಂತಹಂತವಾಗಿ ಸರಿಸುವುದು. ಕೊಟ್ಟಿಗೆಗೆ ರಾತ್ರಿಯ ಕತ್ತಲೆಯನ್ನು ಉಳಿಸಿಕೊಡುವುದು. ಹಿಂಡಿಯ ಲೆಕ್ಕ ಬರೆಯುವ ಪುಸ್ತಕದಲ್ಲಿಯೇ ಮೇವು ಹಾಕಿದ ವೇಳೆಗೆ ಒಂದು ಕಲಮು ಎಳೆದು, ಹಾಕಿದವರಿಂದ ಬರೆಯಿಸುವುದು. ಎರಡು ತಿಂಗಳು ಹೀಗೆ ನಡೆಸಿ ಹಾಲಿನ ಚೀಟಿಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ, ಹಿಂಡಿಯನ್ನು ಬದಲಾಯಿಸಬೇಕೋ ಹೊತ್ತನ್ನು ಕಾಯಬೇಕೋ ಎಂಬುದನ್ನು ಅವನೇ ತೀರ್ಮಾನಿಸಬಲ್ಲನು. ಹಿಂಡಿಯ ಧಾರಣೆಯು ಅಂಗಡಿಯವನ ಕೈಯಲ್ಲಿದೆ, ಹಾಲಿನ ಧಾರಣೆಯು ಒಕ್ಕೂಟದ ಕೈಯಲ್ಲಿದೆ, ಮಳೆಯು ಯಾರ ಕೈಯಲ್ಲಿಯೂ ಇಲ್ಲ. ಮೇವಿನ ಹೊತ್ತೊಂದು ರೈತನ ಸ್ವಂತ ಕೈಯಲ್ಲಿದೆ. ಅದನ್ನು ಅವನು ಬಿಟ್ಟುಕೊಡಬಾರದು.